ಭೂಗತ ಕಾಮಿಕ್ಸ್, ಅಣಕ, ವಿಡಂಬನೆ: ಯಾವುದು ಸರಿ?

ನಮಸ್ಕಾರ,

ಏರ್ ಪೈರೇಟ್ಸ್ ಮೊಕದ್ದಮೆಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಇಂಗ್ಲಿಷ್ ಪದಗಳ ಅನುವಾದ ಕಾಡುತ್ತಿದೆ.

1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವ್ಯಂಗ್ಯಚಿತ್ರಕಾರ ಡ್ಯಾನ್ ಓನೀಲ್ ಮತ್ತು ಗೆಳೆಯರು ‘ಏರ್ ಪೈರೇಟ್ಸ್ ಫನ್ನೀಸ್’ ಅನ್ನೋ ಒಂದು ಕಾಮಿಕ್ಸ್ ತಂದರು. ಮಿಕ್ಕಿ ಮೌಸ್ ಬಳಗವನ್ನು ಹೆಸರು, ರೂಪ ಎರಡನ್ನೂ ಬದಲಿಸದೆ ಬಿಡಿಸಿ, ನಶೆ, ಕಾಮ ಎಲ್ಲಕ್ಕೂ ಇಳಿಸಿದರು. ಬಂದಿದ್ದು ಎರಡೇ ಸಂಚಿಕೆ. ಅದೇ ವರ್ಷ ಡಿಸ್ನಿ ದಾವೆ ಹೂಡಿತು. ‘ಇದು ಪ್ಯಾರಡಿ, ಅಂದರೆ ಮೂಲವನ್ನು ಅನುಕರಿಸಿ ಮಾಡಿದ ಗೇಲಿ, ಹಾಗಾಗಿ ನಕಲು ತಪ್ಪಲ್ಲ’ ಅಂತ ಓನೀಲ್ ಬಳಗದ ವಾದ. 1978ರಲ್ಲಿ ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಮಿಕ್ಕಿ ಯಾರಿಗೆ ಗೊತ್ತಿಲ್ಲ? ಅವನನ್ನು ನೆನಪಿಸೋಕೆ ಸ್ವಲ್ಪ ಸಾಕು, ನೀವು ಬೇಕಾದ್ದಕ್ಕಿಂತ ಜಾಸ್ತಿ ನಕಲು ಮಾಡಿದ್ದೀರಿ ಅನ್ನೋದು ತೀರ್ಪಿನ ತಿರುಳು.

ಮೊದಲ ಪದ ‘ಅಂಡರ್‌ಗ್ರೌಂಡ್’. ಇಂಥ ಕಾಮಿಕ್ಸನ್ನು ಇಂಗ್ಲಿಷಿನಲ್ಲಿ ಹಾಗೆ ಕರೆಯುತ್ತಾರೆ. ‘ಭೂಗತ ಕಾಮಿಕ್ಸ್’ ಅಂದರೆ ನಮ್ಮವರಿಗೆ ಭೂಗತ ಪಾತಕಿಗಳ ಕಥೆ ಅನಿಸುತ್ತೆ. ಸ್ವಲ್ಪ ಹಿರಿಯರಾದರೆ ತುರ್ತು ಪರಿಸ್ಥಿತಿಯಲ್ಲಿ ಕದ್ದು ಹಂಚುತ್ತಿದ್ದ ಪತ್ರಿಕೆಗಳು ನೆನಪಾಗಬಹುದು. ಇವು ಎರಡೂ ಅಲ್ಲ. ಕಾಮಿಕ್ಸಿನಲ್ಲಿ ಏನಿರಬಹುದು, ಏನಿರಬಾರದು ಅಂತ 1954ರಲ್ಲಿ ಅಮೆರಿಕದ ಪ್ರಕಾಶಕರೇ ಮಾಡಿಕೊಂಡ ಕಾಮಿಕ್ಸ್ ಕೋಡಿನ ಮುದ್ರೆ ಇಲ್ಲದೆ, ಹಿಪ್ಪಿಗಳ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ನಾನಂತೂ ‘ಅಂಡರ್‌ಗ್ರೌಂಡ್ ಕಾಮಿಕ್ಸ್’ ಅಂತಲೇ ಬಿಡೋಣ ಅಂತಿದ್ದೇನೆ.

ತೊಡಕು ಇರೋದು ‘ಪ್ಯಾರಡಿ’ಯಲ್ಲಿ. 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದು ರ‍್ಯಾಪ್ ಹಾಡಿನ ಪ್ರಕರಣದಲ್ಲಿ ಪ್ಯಾರಡಿಗೂ ಸಟೈರಿಗೂ ಗೆರೆ ಎಳೆಯಿತು. ಮೂಲ ಕೃತಿಯನ್ನೇ ಗೇಲಿ ಮಾಡಿದರೆ ಪ್ಯಾರಡಿ, ಆಗ ಅದರಿಂದ ಎತ್ತಿಕೊಳ್ಳಲು ಕಾರಣ ಇದೆ. ಅದನ್ನು ಹಿಡಿದು ಇನ್ಯಾರನ್ನೋ ಗೇಲಿ ಮಾಡಿದರೆ ಸಟೈರ್, ಅದಕ್ಕೆ ಬೇರೆ ಸಮರ್ಥನೆ ಬೇಕು.

ಮೊದಲನೆಯದಕ್ಕೆ ‘ಅಣಕ’ ಹೊಂದುತ್ತೆ. ಯಾರನ್ನಾದರೂ ಅಣಕಿಸಿದರೆ ಏಟು ಬೀಳೋದು ಅವರಿಗೇ ಅಲ್ವಾ? ಆದರೆ ‘ಅಣಕು ಹಾಡು’ ನೋಡಿ. ಸಿನಿಮಾ ಹಾಡಿನ ಧಾಟಿ ತೆಗೆದುಕೊಂಡು ಬೆಲೆ ಏರಿಕೆಯನ್ನೋ ರಾಜಕಾರಣಿಯನ್ನೋ ಹಂಗಿಸುತ್ತೇವೆ. ಪಾಪ, ಹಾಡಿನ ಮೇಲೆ ಯಾರಿಗೂ ಸಿಟ್ಟಿಲ್ಲ. ಕೋರ್ಟಿನ ಲೆಕ್ಕದಲ್ಲಿ ಇದು ಸಟೈರ್. ಪತ್ರಿಕೆಗಳ ‘ಅಣಕು ಕಾರ್ಯಾಚರಣೆ’ಯಲ್ಲಂತೂ ಗೇಲಿಯೇ ಇಲ್ಲ. ಇನ್ನು ಸಟೈರಿಗೆ ‘ವಿಡಂಬನೆ’ ಅನ್ನೋಣ ಅಂದರೆ, ಅದನ್ನು ಪ್ಯಾರಡಿಗೂ ಬಳಸುತ್ತಾರೆ, ‘ಎಂಥ ವಿಡಂಬನೆ!’ ಅಂತ ವಿಪರ್ಯಾಸಕ್ಕೂ ಬಳಸುತ್ತಾರೆ.

ಸದ್ಯಕ್ಕೆ ಪ್ಯಾರಡಿಗೆ ‘ಅಣಕ’, ಸಟೈರಿಗೆ ‘ವಿಡಂಬನೆ’ ಇಟ್ಟು, ಮೊದಲ ಸಲ ಬಂದಾಗ ಒಂದು ಸಾಲಿನಲ್ಲಿ ಬಿಡಿಸಿ ಹೇಳಿದ್ದೇನೆ. ಕಾನೂನಿನ ಕನ್ನಡ ಬಲ್ಲವರು ಯಾರಾದರೂ ತೀರ್ಪುಗಳಲ್ಲಿ, ಪಠ್ಯಗಳಲ್ಲಿ ಈ ಜೋಡಿಗೆ ಬೇರೆ ಪದ ಕಂಡಿದ್ದೀರಾ? ಬಳಸಿದ ವಾಕ್ಯವನ್ನೂ ಜೊತೆಗೆ ಹಾಕಿದರೆ ಉಪಕಾರವಾಗುತ್ತೆ.