ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎರಡನೇ ಗೆರೆ ತುಂಬಾ ತೆಳು, ಇದನ್ನು ಹೌದು ಅಂದುಕೊಳ್ಳಬೇಕಾ? ಸಹಾಯ ಬೇಕು

ಅಕ್ಕಂದಿರೇ, ನನಗೆ 22 ವರ್ಷ. ಮದುವೆಯಾಗಿ ಎಂಟು ತಿಂಗಳು. ಬೆಂಗಳೂರಿನ ಪೀಣ್ಯದ ಹತ್ತಿರ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೇವೆ.

ಮುಟ್ಟಿನ ಡೇಟ್ ದಾಟಿ 6 ದಿನ ಆಯ್ತು. ಒಗ್ಗರಣೆಗೆ ಸಾಸಿವೆ ಸಿಡಿದರೆ ಸಾಕು, ಬಾಯಲ್ಲಿ ನೀರು ತುಂಬಿ ಹೊರಗೆ ಓಡಿಹೋಗ್ತೀನಿ. ಸ್ತನದಲ್ಲಿ ನೋವು, ಮಧ್ಯಾಹ್ನವೇ ನಿದ್ದೆ. ಆದರೆ ಮುಟ್ಟಾಗುವ ಮುಂಚೆಯೂ ನನಗೆ ಹೀಗೇ ಆಗುತ್ತೆ, ಅದಕ್ಕೇ ನಂಬಿಕೆ ಬರ್ತಿಲ್ಲ.

ಮೆಡಿಕಲ್‌ನಿಂದ ಕಿಟ್ ತಂದು ಮೊದಲ ಸಲ ಸಂಜೆ ನೋಡಿದೆ, ಒಂದೇ ಗೆರೆ. ಆಮೇಲೆ ಗೊತ್ತಾಯ್ತು, ಬೆಳಗಿನ ಮೊದಲ ಮೂತ್ರದಲ್ಲೇ ನೋಡಬೇಕಂತೆ. ನಿನ್ನೆ ಬೆಳಗ್ಗೆ ಹಾಗೇ ಮಾಡಿದೆ. ಐದು ನಿಮಿಷದೊಳಗೇ ಎರಡನೇ ಗೆರೆ ಬಂತು. ಆದರೆ ಎಷ್ಟು ತೆಳು ಅಂದರೆ, ಕಿಟಕಿ ಹತ್ತಿರ ಹಿಡಿದರೆ ಮಾತ್ರ ಗುಲಾಬಿ ಕಾಣುತ್ತೆ. ನಮ್ಮವರು ಟಾರ್ಚ್ ಹಾಕಿ ನೋಡಿ "ಇದೆ" ಅಂತಾರೆ, ಮರುಕ್ಷಣ "ಇಲ್ವೇನೋ" ಅಂತಾರೆ!

ಪಕ್ಕದ ಮನೆ ಆಂಟಿ ಈಗಲೇ ಸ್ಕ್ಯಾನಿಂಗ್ ಮಾಡಿಸು ಅಂದರು. ಕ್ಲಿನಿಕ್‌ಗೆ ಫೋನ್ ಮಾಡಿದರೆ ಇಷ್ಟು ಬೇಗ ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲ್ಲ ಅಂದರು. ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ನಾಳೆಯೇ ಹಾಸನದಿಂದ ಬಸ್ ಹತ್ತುತ್ತಾರೆ. ಹೊಟ್ಟೆ ನೋವು, ರಕ್ತ ಏನೂ ಇಲ್ಲ.

ಗರ್ಭ ನಿಂತಿದೆಯಾ ಅಂತ ತಿಳಿಸುವ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆ ಈಗಲೇ ಮಾಡಿಸಲಾ, ಅಥವಾ ಎರಡು ಮೂರು ದಿನ ಬಿಟ್ಟು ಮತ್ತೆ ಕಿಟ್‌ನಲ್ಲಿ ನೋಡಲಾ? ಅಲ್ಲಿಯವರೆಗೆ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಬಹುದಾ? ಹೌದು ಅಂತಾದರೆ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್ ಇಲ್ಲೇ ಮಾಡಿಸೋದಾ, ಊರಲ್ಲಾ? ಇದೇ ರೀತಿ ಆದವರು ದಯವಿಟ್ಟು ಹೇಳಿ.