ಮಾರ್ಮನ್ ಧರ್ಮ ಇನ್ನು ನೂರು ವರ್ಷಕ್ಕೆ ಹೇಗಿದ್ದೀತು?

ಪ್ರಶ್ನೆ: ಮಲಪ್ರಭೆಯ ದಂಡೆಯವ, ಬಾಗಲಕೋಟೆ ಜಿಲ್ಲೆ

ಕಳೆದ ಸುಗ್ಗಿಯಲ್ಲಿ ನನ್ನ ತಂಗಿಯ ಮಗನೊಡನೆ ಅಮೆರಿಕದ ಯುವಕನೊಬ್ಬ ನಮ್ಮೂರಿಗೆ ಬಂದಿದ್ದ. ಚಹಾ ಬೇಡವೆಂದ, ಕಾಫಿಯೂ ಬೇಡವೆಂದ. ನಮ್ಮವ್ವ ಕೊಟ್ಟ ಮಜ್ಜಿಗೆಯನ್ನು ಮಾತ್ರ ಎರಡು ಚರಿಗೆ ಕುಡಿದ. ತಾನು ಮಾರ್ಮನ್ ಎಂದು ತಿಳಿಸಿದ್ದು ಆಗಲೇ. ಅದೇ ದಿನ ಹೆಳವರು ಬಂದು, ಅಂಚು ಸವೆದ ಹೊತ್ತಿಗೆ ಬಿಚ್ಚಿ ನಮ್ಮ ಮನೆತನದ ಹೆಸರುಗಳನ್ನು ಓದತೊಡಗಿದರು. ಒಂದಕ್ಷರ ತಿಳಿಯದಿದ್ದರೂ ಆತ ಕಂಬಳಿಯ ಮೇಲೆ ಕುಳಿತವನು ಮುಗಿಯುವತನಕ ಏಳಲಿಲ್ಲ. ಮಾರ್ಮನ್ನರಲ್ಲಿ ಸತ್ತ ಪೂರ್ವಿಕರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯುತ್ತಾರಂತೆ. ಅದಕ್ಕಾಗಿಯೇ ವಂಶಾವಳಿಯ ಮೇಲೆ ಅಷ್ಟು ಆಸ್ಥೆ. 1830ರಲ್ಲಿ ಹುಟ್ಟಿದ ಈ ಪಂಥ ಮುಂದೆ ಉಳಿದ ಕ್ರೈಸ್ತರಲ್ಲಿ ಕರಗುವುದೇ, ಬೇರೆಯಾಗಿಯೇ ನಿಲ್ಲುವುದೇ?

ಉತ್ತರ: ಗುಮ್ಮಟನಗರಿ, ವಿಜಯಪುರ

ಕರಗಲಾರದು. ಸ್ಥಾಪಕ ಜೋಸೆಫ್ ಸ್ಮಿತ್ 1844ರಲ್ಲಿ ಗುಂಪಿನ ಗುಂಡಿಗೆ ಬಲಿಯಾದಾಗಲೇ ಅದು ಮುಗಿಯಬೇಕಿತ್ತು; ಮೂರೇ ವರ್ಷಗಳಲ್ಲಿ ಬ್ರಿಗಮ್ ಯಂಗ್ ಅನುಯಾಯಿಗಳನ್ನು ಈಗಿನ ಯೂಟಾದ ಸಾಲ್ಟ್ ಲೇಕ್ ಕಣಿವೆಗೆ ಕರೆದೊಯ್ದು ನೆಲೆ ನಿಲ್ಲಿಸಿದರು. ದೇವರು ಇಂದಿಗೂ ಪ್ರವಾದಿಯೊಡನೆ ಮಾತನಾಡುತ್ತಾನೆಂಬ ನಂಬಿಕೆಯೇ ಅವರ ಬಲ, ಏಕೆಂದರೆ ನಿನ್ನೆಯ ನಿಯಮವನ್ನು ಇಂದು ಬದಲಿಸಲು ಅದರೊಳಗೇ ದಾರಿಯಿದೆ. ಬಹುಪತ್ನಿತ್ವವನ್ನು 1890ರಲ್ಲಿ ಕೈಬಿಟ್ಟದ್ದೂ, ಕಪ್ಪು ವರ್ಣದ ಪುರುಷರಿಗೆ 1978ರಲ್ಲಿ ಯಾಜಕತ್ವ, ಅಂದರೆ ಧಾರ್ಮಿಕ ವಿಧಿ ನಡೆಸುವ ಅಧಿಕಾರ, ತೆರೆದದ್ದೂ ಆ ದಾರಿಯಿಂದಲೇ.

ಆದರೆ ಬಾಗಿಲಿನ ಬೀಗದ ಕೈ ಹಿರಿಯರ ಬಳಿ ಇದೆ. ಪ್ರವಾದಿಯೆನಿಸಿದ ಸಭೆಯ (ಚರ್ಚಿನ) ಅಧ್ಯಕ್ಷರು ತೀರಿಕೊಂಡರೆ, ಅಪೊಸ್ತಲರೆಂಬ ಹಿರಿಯ ಮುಖಂಡರಲ್ಲಿ ಹೆಚ್ಚು ಕಾಲ ಸೇವೆ ಸಲ್ಲಿಸಿದವರೇ ಆ ಸ್ಥಾನಕ್ಕೆ ಬರುತ್ತಾರೆ. ರಸೆಲ್ ನೆಲ್ಸನ್ 2018ರಲ್ಲಿ ಅಧ್ಯಕ್ಷರಾದಾಗ ಅವರಿಗೆ 93 ವರ್ಷ. 101ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲೆ 2025ರಲ್ಲಿ ಬಂದ ಡ್ಯಾಲಿನ್ ಓಕ್ಸ್ ಅವರಿಗೂ 93. ಹೀಗಾಗಿ ಇನ್ನು ಇಪ್ಪತ್ತೈದು ವರ್ಷಕ್ಕೆ ಈ ಸಭೆ ಏನು ಯೋಚಿಸೀತೆಂದು ಊಹಿಸಬೇಕಾದರೆ, ಇಂದು ಅರವತ್ತರ ಆಸುಪಾಸಿನಲ್ಲಿರುವ ಅಪೊಸ್ತಲರ ಭಾಷಣಗಳನ್ನು ಓದಿದರೆ ಸಾಕು.

ಉತ್ತರ: ಕುಂದಾನಗರಿಯ ಓದುಗಿ, ಬೆಳಗಾವಿ

ಗುಮ್ಮಟನಗರಿಯವರು ಒಂದು ಮಾತು ಬಿಟ್ಟರು. ಅಮೆರಿಕದ ಸರಕಾರ ಬಹುಪತ್ನಿತ್ವದ ವಿರುದ್ಧ ತಂದ 1887ರ ಕಾಯ್ದೆಯಿಂದ ಸಭೆಯ ಆಸ್ತಿಗೇ ಕೈ ಹಾಕಿದ ಮೇಲೆ 1890ರ ಘೋಷಣೆ ಬಂತು. ಯೂಟಾಕ್ಕೆ ರಾಜ್ಯದ ಸ್ಥಾನ ಸಿಕ್ಕಿದ್ದು 1896ರಲ್ಲಿ. ದೇವರ ಮಾತು ಕೇಳಿಸುವ ಮುನ್ನ ಬಾಗಿಲು ಬಡಿದವರು ಬೇರೆಯವರೇ ಇದ್ದರು.

ಇನ್ನು ಬಡಿಯುವವರು ಹೆಣ್ಣುಮಕ್ಕಳು ಎಂದು ನನ್ನ ಅಂದಾಜು. ಹನ್ನೆರಡರ ಆಸುಪಾಸಿನ ಹುಡುಗನಿಗೆ ಸಿಗುವ ಯಾಜಕತ್ವದ ಮೊದಲ ಮೆಟ್ಟಿಲು ಅವನ ತಾಯಿಗೆ ಸಿಗದು. ಸ್ಮಿತ್ ಅವರನ್ನೇ ಮೂಲಪುರುಷರೆಂದು ಒಪ್ಪುವ ಇನ್ನೊಂದು ಶಾಖೆ, ಈಗಿನ ಕಮ್ಯುನಿಟಿ ಆಫ್ ಕ್ರೈಸ್ಟ್, 1980ರ ದಶಕದಲ್ಲಿಯೇ ಮಹಿಳೆಯರಿಗೆ ಆ ಅಧಿಕಾರ ಕೊಟ್ಟಿತು. ಅದನ್ನು ಒಪ್ಪದ ಅನೇಕರು ಹೊರನಡೆದರು. ಸಾಲ್ಟ್ ಲೇಕ್‌ನ ಹಿರಿಯರು ಈ ಪಾಠವನ್ನು ಮರೆತಿರಲಾರರು. (ಅಕ್ಕನ ವಚನಗಳನ್ನು ಬಾಯಿಪಾಠ ಮಾಡಿಕೊಂಡ ನಾವು ಎಷ್ಟು ಮಠಗಳ ಪೀಠದಲ್ಲಿ ಹೆಣ್ಣುಮಗಳನ್ನು ಕೂರಿಸಿದ್ದೇವೆ? ಬೇರೆಯವರ ಮನೆಯ ಮಾತು ಆಡುವಾಗ ಇದೂ ನೆನಪಿರಲಿ.)

ಉತ್ತರ: ಡೋಣಿ ಸಾಲಿನ ರೈತ, ವಿಜಯಪುರ

ನನ್ನದು ಚಿಕ್ಕ ಮಾತು. 1.7 ಕೋಟಿಗೂ ಮಿಕ್ಕಿದ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗಾಗಲೇ ಅಮೆರಿಕದ ಹೊರಗಿದ್ದಾರೆ. ಆಫ್ರಿಕಾದಲ್ಲಿ ಸಂಖ್ಯೆ ಬೇಗ ಏರುತ್ತಿದೆ. ಬೆಂಗಳೂರಿನ ದೇವಾಲಯದ ಘೋಷಣೆಯಾದದ್ದು 2018ರಲ್ಲಿ, ಭೂಮಿಪೂಜೆಯಂಥ ಕಾರ್ಯ ನಡೆದದ್ದು 2020ರಲ್ಲಿ. ಊರೂರಿನ ಬೋಧಕರಿಗೆ ಸಂಬಳವಿಲ್ಲದೆ, ಆದಾಯದ ಹತ್ತನೆಯ ಒಂದು ಪಾಲು ಕೊಡುವವರ ಮೇಲೆ ನಿಂತ ಈ ವ್ಯವಸ್ಥೆಯ ಹಿರಿಯ ಪೀಠದಲ್ಲಿ ಲಾಗೋಸ್ ಅಥವಾ ಕಿನ್ಶಾಸಾದವರು ಕುಳಿತ ದಿನ ಸಭೆಯ ದನಿಯೇ ಬದಲಾದೀತು.

ಮರಳಿ: ಮಲಪ್ರಭೆಯ ದಂಡೆಯವ

ಓದುಗಿ ಅವರ ಮಾತಿನಿಂದ ಒಂದು ಸಂಗತಿ ನೆನಪಾಯಿತು. ಹೆಳವರು ಹೊತ್ತಿಗೆ ಮಡಚುವಾಗ ಆ ಯುವಕ ನನ್ನ ಅಳಿಯನ ಮೂಲಕ ಒಂದೇ ಪ್ರಶ್ನೆ ಕೇಳಿಸಿದ: ಏಳು ತಲೆಮಾರಿನ ಗಂಡಸರ ಹೆಸರು ಬಂದವು, ಅವರ ಹೆಂಡಂದಿರ ಹೆಸರುಗಳೆಲ್ಲಿ? ಹಿರಿಯ ಹೆಳವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ‘ಅವು ಇದರಾಗ ಇಲ್ರೀ’ ಎಂದ. ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮವ್ವ ಮೊರ ಬದಿಗಿಟ್ಟು, ತನ್ನ ಅತ್ತೆಯ ಹೆಸರಿನಿಂದ ಮೊದಲುಮಾಡಿ ಹಿಂದಿನ ನಾಲ್ವರ ಹೆಸರು ಹೇಳಿದಳು. ಆತ ಅವನ್ನು ತನ್ನ ಮೊಬೈಲಿನಲ್ಲಿ ಬರೆದುಕೊಂಡ.