ಮಕ್ಕಳ ಗಂಟಲು ನೋವು: ಉಳಿದ ಆಂಟಿಬಯಾಟಿಕ್ ಕೊಡಬಹುದಾ?

ಪ್ರಶ್ನೆ: ಮಗನಿಗೆ 6 ವರ್ಷ. ನಿನ್ನೆಯಿಂದ ಜ್ವರ, ಗಂಟಲು ನೋವು. ಎಂಜಲು ನುಂಗುವುದಕ್ಕೂ ಅಳುತ್ತಾನೆ. ಕಳೆದ ಸಲದ ಆಂಟಿಬಯಾಟಿಕ್ ಸಿರಪ್ ಉಳಿದಿದೆ, ಕೊಡಬಹುದಾ? ಅನುಭವ ಇದ್ದವರು ಹೇಳಿ.

ಉತ್ತರ: ದಯವಿಟ್ಟು ಕೊಡಬೇಡಿ. ಮಕ್ಕಳಿಗೆ ಗಂಟಲು ನೋವು ಜಾಸ್ತಿ ಬರುವುದು ವೈರಸ್‌ನಿಂದ. ಅದಕ್ಕೆ ಆಂಟಿಬಯಾಟಿಕ್ ಹಿಡಿಯುವುದಿಲ್ಲ, ಸಾಮಾನ್ಯವಾಗಿ ವಾರದೊಳಗೆ ತಾನಾಗಿ ಇಳಿಯುತ್ತದೆ. ಕೆಮ್ಮು, ಮೂಗು ಸೋರುವುದು, ಗಂಟಲು ಕಟ್ಟಿರುವುದು ಇದ್ದರೆ ಬಹುಮಟ್ಟಿಗೆ ವೈರಸ್ಸೇ.

ನನ್ನ ಮಗಳಿಗೆ ಇವು ಯಾವುದೂ ಇರಲಿಲ್ಲ. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಹೊಟ್ಟೆನೋವು, ವಾಂತಿ. ಗಂಟಲು ನೋವು ಅಂದಿದ್ದು ಆಮೇಲೆ. ದವಡೆ ಕೆಳಗೆ ಗಂಟು ಊದಿತ್ತು, ಮುಟ್ಟಿದರೆ ನಮ್ಮ ಕೈ ತಳ್ಳುತ್ತಿದ್ದಳು. ಟಾರ್ಚ್ ಬಿಟ್ಟು ನೋಡಿದರೆ ಟಾನ್ಸಿಲ್ ಕೆಂಪಗೆ, ಮೇಲೆ ಬಿಳಿ ಚುಕ್ಕೆ. ಇಷ್ಟಿದ್ದರೂ ಡಾಕ್ಟರು ತಕ್ಷಣ ಔಷಧಿ ಬರೆಯಲಿಲ್ಲ. ಬಿಳಿ ಚುಕ್ಕೆ ವೈರಸ್‌ನಲ್ಲೂ ಬರುತ್ತದೆ, ಸುಮ್ನೆ ನೋಡಿ ಹೇಳೋಕಾಗಲ್ಲ ಎಂದು ಗಂಟಲಿನ ಸ್ವಾಬ್ ತೆಗೆದರು. ರ‍್ಯಾಪಿಡ್ ಟೆಸ್ಟ್ ಆದರೆ ಸ್ವಲ್ಪ ಹೊತ್ತಲ್ಲೇ ಗೊತ್ತಾಗುತ್ತದೆ, ಕಲ್ಚರ್‌ಗೆ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಟೆಸ್ಟ್) 1–2 ದಿನ ಬೇಕು. ಅವಳಿಗೆ ಇದ್ದದ್ದು ಸ್ಟ್ರೆಪ್ ಬ್ಯಾಕ್ಟೀರಿಯಾ. 5ರಿಂದ 15 ವರ್ಷದವರಿಗೇ ಇದು ಜಾಸ್ತಿ, ಹಾಗಾಗಿ ನಿಮ್ಮ ಮಗನಿಗೂ ಈ ಟೆಸ್ಟ್ ಬೇಕಾ ಎಂದು ಕೇಳಿ. ಮೈಮೇಲೆ ಉಪ್ಪುಕಾಗದದ ಹಾಗೆ ತರಿತರಿ ಗುಳ್ಳೆ ಎದ್ದಿದ್ದರೆ ಅದನ್ನೂ ತೋರಿಸಿ.

ಸ್ಟ್ರೆಪ್ ಅಂತಾದರೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್, 10 ದಿನ. ಎರಡು ಮೂರು ದಿನಕ್ಕೇ ಮಗು ಎದ್ದು ಆಡುತ್ತದೆ, ಇನ್ನು ಸಾಕು ಅನ್ನಿಸುತ್ತದೆ. ನಿಲ್ಲಿಸಬೇಡಿ. ಸರಿಯಾಗಿ ವಾಸಿ ಮಾಡದ ಸ್ಟ್ರೆಪ್‌ನಿಂದ ಕೆಲವು ವಾರಗಳ ಮೇಲೆ ರುಮ್ಯಾಟಿಕ್ ಜ್ವರ ಬರಬಹುದು, ಅದು ಹೃದಯದ ಕವಾಟಕ್ಕೇ ಪೆಟ್ಟು ಕೊಡುತ್ತದೆ. ಅರ್ಧ ಬಾಟಲಿ ಹಳೇ ಸಿರಪ್ ಬೇಡ ಅನ್ನುವುದು ಇದಕ್ಕೇ. ನೀರು ಬೆರೆಸಿದ ಮೇಲೆ ಅದು ಒಂದೆರಡು ವಾರಕ್ಕಿಂತ ಹೆಚ್ಚು ಬಾಳುವುದೂ ಇಲ್ಲ.

ಇನ್ನೊಬ್ಬರು: ನೋವಿಗೆ ಪ್ಯಾರಾಸಿಟಮಾಲ್ ಸಾಕು. ವಯಸ್ಸಲ್ಲ, ತೂಕ ನೋಡಿ ಕೊಡಿ: ಕಿಲೋಗೆ 10–15 ಮಿಲಿಗ್ರಾಂ, 6 ಗಂಟೆಗೊಮ್ಮೆ. ಆಸ್ಪಿರಿನ್ ಬೇಡವೇ ಬೇಡ. ಊಟ ಬಿಟ್ಟರೆ ಚಿಂತೆಯಿಲ್ಲ, ನೀರು ಬಿಡಬಾರದು. ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಸಿ, ಆಗ ನುಂಗುತ್ತಾರೆ. ಜೇನುತುಪ್ಪ ನಿಮ್ಮ ಮಗನಿಗೆ ಕೊಡಬಹುದು. 1 ವರ್ಷದೊಳಗಿನ ತಮ್ಮ ತಂಗಿ ಇದ್ದರೆ ಅವರಿಗೆ ಬೇಡ.

ಮತ್ತೊಬ್ಬರು: ಒಂದು ಮಾತು ಸೇರಿಸುತ್ತೇನೆ. ಜೊಲ್ಲು ನುಂಗಲಾಗದೆ ಸುರಿಸುತ್ತಿದ್ದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ, ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಆಗ ಚಮಚ ಹಾಕಿ ಗಂಟಲು ನೋಡಲು ಹೋಗಲೇಬೇಡಿ, ಉಸಿರು ಕಟ್ಟಬಹುದು.